ಎರಡನೆಯ ಬರೋಣದ ನಿರೀಕ್ಷೆ (ಕನ್ನಡ ನಾಡಿನ ಕ್ರೈಸ್ತರಲ್ಲಿ)

ಸ್ವರ್ಗಕ್ಕೇರಿದ ಯೇಸು ಕ್ರಿಸ್ತನು ಲೋಕಕ್ಕೆ ನ್ಯಾಯತೀರಿಸಲು ಮತ್ತೆ ಬರುವನೆಂಬ ನಂಬಿಕೆ ಮತ್ತು ಆ ದಿನ ಯಾವುದೆಂದು ಯಾರಿಗೂ ತಿಳಿಯದ ಕಾರಣ ಪ್ರತಿದಿನವನ್ನೂ ಅದಕ್ಕೆ ತಕ್ಕಂತೆ ಬಾಳಬೇಕೆಂಬ ಶಿಸ್ತು ಎರಡನ್ನೂ ಈ ಹೆಸರು ಒಳಗೊಳ್ಳುತ್ತದೆ. ಕನ್ನಡದ ಬರಹಗಳಲ್ಲಿ 'ಸಿದ್ಧತೆ' ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ: ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಆಚರಣೆ, ತನ್ನ ಮರಣಕ್ಕೆ ತಾನು ಅಣಿಯಾಗುವುದು, ಹಾಗೂ ಕರ್ತನ ಬರುವಿಕೆಯನ್ನು ಎದುರುನೋಡುವುದು. ಈ ಮೂರರ ಚರಿತ್ರೆಯೂ ಒಂದೇ ಅಲ್ಲವಾದ್ದರಿಂದ ಇವನ್ನು ಬಿಡಿಸಿ ನೋಡುವುದು ಅಗತ್ಯವಾಗಿದೆ.

ಪದಗಳು

ಹೊಸ ಒಡಂಬಡಿಕೆಯಲ್ಲಿ ಬರುವ 'ಪರೂಸಿಯ' ಎಂಬ ಗ್ರೀಕ್ ಪದಕ್ಕೆ ಬರುವಿಕೆ, ಎದುರಿಗಿರುವಿಕೆ ಎಂಬ ಎರಡು ಅರ್ಥಗಳಿದ್ದು, ಅರಸನೊಬ್ಬನು ಊರಿಗೆ ದಯಮಾಡಿಸುವುದಕ್ಕೂ ಅದು ಸಲ್ಲುತ್ತಿತ್ತು. 'ಸತ್ಯವೇದ'ವೆಂದು ಪ್ರಚಲಿತವಾಗಿರುವ ಕನ್ನಡ ಬೈಬಲಿನ ಹಳೆಯ ಪಾಠವು ಹಲವೆಡೆ ಇದನ್ನು 'ಪ್ರತ್ಯಕ್ಷತೆ', 'ಪ್ರತ್ಯಕ್ಷನಾಗುವುದು' ಎಂದು ಕನ್ನಡಿಸಿ ಎರಡನೆಯ ಅರ್ಥಕ್ಕೆ ಒತ್ತು ಕೊಟ್ಟಿತು. ಸಭೆಯ ಜನ ಮಾತ್ರ 'ಎರಡನೇ ಬರೋಣ' ಎನ್ನುತ್ತ ಬಂದಿದ್ದಾರೆ. ಇಲ್ಲಿನ 'ಬರೋಣ'ವು ಬರುವಿಕೆ ಎಂಬರ್ಥದ ಹಳೆಯ ಕೃದಂತ ನಾಮ. ಇಂದಿನ ಓದುಗರು ಅದನ್ನು 'ನಾವು ಬರೋಣ' ಎಂಬ ಕ್ರಿಯಾರೂಪವೆಂದು ತಿಳಿಯುವ ಸಂಭವವಿದೆ. ಗ್ರಂಥಭಾಷೆಯಲ್ಲಿ 'ಪುನರಾಗಮನ' ಎಂಬ ಮಾತೂ ಬಳಕೆಯಲ್ಲಿದೆ.

ಶಾಸ್ತ್ರಾಧಾರ

ದಿನ ಗಳಿಗೆಗಳು ಯಾರಿಗೂ ತಿಳಿಯವೆಂಬ ಮಾತು ಮತ್ತಾಯನ 24ನೆಯ ಅಧ್ಯಾಯದಲ್ಲಿಯೂ, ಎಣ್ಣೆಯಿಟ್ಟುಕೊಂಡ ಮತ್ತು ಇಟ್ಟುಕೊಳ್ಳದ ಹತ್ತು ಮಂದಿ ಕನ್ಯೆಯರ ಸಾಮ್ಯ 25ನೆಯ ಅಧ್ಯಾಯದಲ್ಲಿಯೂ, ನಡುಕಟ್ಟಿ ದೀಪ ಉರಿಸಿಕೊಂಡು ಯಜಮಾನನಿಗಾಗಿ ಕಾಯುವ ಆಳುಗಳ ಚಿತ್ರ ಲೂಕನ 12ನೆಯ ಅಧ್ಯಾಯದಲ್ಲಿಯೂ ಇವೆ. ಕರ್ತನ ದಿನ ಬಂದೇಬಿಟ್ಟಿತೆಂಬ ಮಾತಿಗೆ ಕದಲಬಾರದೆಂದು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆ ಎಚ್ಚರಿಸುತ್ತದೆ. ಅದೇ ಪತ್ರಿಕೆಯು ದುಡಿಯದೆ ಅಲೆಯುವವರನ್ನು ಖಂಡಿಸಿ, ದುಡಿದು ಉಣ್ಣಬೇಕೆಂದು ವಿಧಿಸುತ್ತದೆ. ಹೀಗೆ ನಿರೀಕ್ಷೆಗೂ ನಿತ್ಯದ ದುಡಿಮೆಗೂ ವಿರೋಧವಿಲ್ಲವೆಂಬ ನಿಲುವು ಮೊದಲ ಶತಮಾನದಷ್ಟು ಹಳೆಯದು.

ಆರಂಭದ ಘಟ್ಟ

ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 17ನೆಯ ಶತಮಾನದ ನಡುಭಾಗದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದನು. ಕ್ಯಾಥೊಲಿಕ್ ಬೋಧನೆಯು ಮರಣ, ತೀರ್ಪು, ಸ್ವರ್ಗ, ನರಕಗಳನ್ನು 'ನಾಲ್ಕು ಅಂತ್ಯಗಳು' ಎಂದು ಒಟ್ಟಿಗೆ ಕಲಿಸುವುದರಿಂದ, ಆ ಪರಂಪರೆಯಲ್ಲಿ ಸಿದ್ಧತೆಯೆಂದರೆ ಮುಖ್ಯವಾಗಿ ಒಳ್ಳೆಯ ಮರಣಕ್ಕೆ ಅಣಿಯಾಗುವುದೆಂಬ ಅರ್ಥ ಬೇರೂರಿತು. ಆಗಮನ ಕಾಲದಲ್ಲಿ ಮಾತ್ರ ಕ್ರಿಸ್ತನ ಎರಡೂ ಬರುವಿಕೆಗಳ ಎಳೆಗಳು ಕೂಡುತ್ತವೆ: ಡಿಸೆಂಬರ್ 16ರವರೆಗಿನ ವಾಚನಗಳು ಕ್ರಿಸ್ತನ ಪುನರಾಗಮನವನ್ನು ಎದುರುನೋಡಿದರೆ, 17ರಿಂದ 24ರವರೆಗಿನವು ಬೆತ್ಲೆಹೇಮಿನ ಜನನದ ಕಡೆಗೆ ತಿರುಗುತ್ತವೆ. ಆಗಮನ ಕಾಲವನ್ನು ಬರಿಯ ಕ್ರಿಸ್ಮಸ್ ತಯಾರಿಯೆಂದು ವಿವರಿಸುವ ಬರಹಗಳು ಇದರ ಮೊದಲ ಭಾಗವನ್ನು ಬಿಟ್ಟುಬಿಡುತ್ತವೆ.

ಬಾಸೆಲ್ ಮಿಷನ್ ಮತ್ತು ಕಾಲಜ್ಞಾನಿಗಳು

1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಪಾದ್ರಿ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಅವನ ಇಬ್ಬರು ಜೊತೆಗಾರರು ಮಂಗಳೂರಿಗೆ ಬಂದಿಳಿದರು. ಈ ಮಿಷನ್ನಿನ ಅನೇಕ ಪಾದ್ರಿಗಳು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಪಯಟಿಸಂ ಎಂಬ ಭಕ್ತಿಪಂಥದ ಮನೆಗಳಿಂದ ಬಂದವರು. ಮನೆಯ ಪ್ರಾರ್ಥನೆ, ವೈಯಕ್ತಿಕ ಪರಿವರ್ತನೆ ಹಾಗೂ ಬೈಬಲ್ ವಾಚನಕ್ಕೆ ಒತ್ತು ಕೊಡುವ ಈ ಪಂಥದ ಪ್ರಮುಖ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ, 1836ರಲ್ಲಿ ಯುಗಪಲ್ಲಟವಾಗುವುದೆಂದು ಸೂಚಿಸಿದ್ದನು. ಆ ವರ್ಷ ಸದ್ದಿಲ್ಲದೆ ಕಳೆಯಿತು. ಮಿಷನ್ ಧಾರವಾಡದಲ್ಲಿ ನೆಲೆ ತೆರೆದುದು 1837ರಲ್ಲಿ. ಕೈಕೊಟ್ಟ ಲೆಕ್ಕದ ಬೆನ್ನಿಗೇ ಘಟ್ಟದ ಮೇಲಿನ ಈ ಕೆಲಸ ಮೊದಲಾಯಿತೆಂಬುದನ್ನು ನೆನಪಿಟ್ಟರೆ ಮುಂದಿನ ಪ್ರಸಂಗ ಹೆಚ್ಚು ಸ್ಪಷ್ಟವಾಗುತ್ತದೆ.

1840ರ ಆಸುಪಾಸಿನಲ್ಲಿ ಹುಬ್ಬಳ್ಳಿ–ಬೆಟಗೇರಿ ಸೀಮೆಯ ಲಿಂಗಾಯತರಲ್ಲಿ ಕಾಲಜ್ಞಾನಿಗಳೆಂದು ಕರೆಸಿಕೊಂಡ ಗುಂಪೊಂದು ಪಾದ್ರಿಗಳ ಸಂಪರ್ಕಕ್ಕೆ ಬಂದಿತು. ಕಾಲಜ್ಞಾನವೆಂದರೆ ಮುಂಬರುವ ವಿಪತ್ತುಗಳನ್ನೂ ಧರ್ಮದ ಮರುಸ್ಥಾಪನೆಯನ್ನೂ ಮುನ್ನುಡಿಯುವ ಸಾಹಿತ್ಯ ಪ್ರಕಾರ. ಅದರ ವೀರಶೈವ ಧಾರೆಯಲ್ಲಿ ವೀರವಸಂತರಾಯನೆಂಬ ಅರಸನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂಬ ನಿರೀಕ್ಷೆ ಪ್ರಧಾನವಾಗಿದೆ. ತಮ್ಮ ಗ್ರಂಥಗಳು ನುಡಿದ ಕಾಲ ಹತ್ತಿರವಾಯಿತೆಂದು ಕಾಲಜ್ಞಾನಿಗಳು ತಿಳಿದರು; ದೊಡ್ಡ ಸಮುದಾಯವೊಂದು ಸಭೆಗೆ ಸೇರಲಿದೆಯೆಂದು ಪಾದ್ರಿಗಳು ತಿಳಿದರು. ಬೆಟಗೇರಿ ಬಳಿಯ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಹೂಡುವ ಪ್ರಯತ್ನವೂ ನಡೆಯಿತು. ನಿರೀಕ್ಷಿಸಿದ ಸಾಮೂಹಿಕ ಮತಾಂತರ ಮಾತ್ರ ಆಗಲಿಲ್ಲ.

ಈ ಪ್ರಸಂಗದ ಅರ್ಥ ಚರ್ಚಾಸ್ಪದವಾಗಿದೆ. ಮಿಷನ್ನಿನ ವರದಿಗಳನ್ನೇ ನೆಚ್ಚಿದ ಬರಹಗಳು ಇದನ್ನು ಕ್ರಿಸ್ತನಿಗಾಗಿ ಕಾದಿದ್ದ ಜನರ ಕಥೆಯಾಗಿ ಹೇಳುತ್ತವೆ. ಆದರೆ ಕಾಲಜ್ಞಾನದ ನಿರೀಕ್ಷೆಗೆ ಕಲ್ಯಾಣ, ವಸಂತರಾಯ ಎಂಬ ತನ್ನದೇ ನೆಲೆಗಳಿದ್ದುವು. ಬರಲಿರುವವನಿಗಾಗಿ ಕಾಯುವುದು ಎರಡೂ ಕಡೆಗೆ ಸಮಾನವಾಗಿತ್ತೇ ಹೊರತು, ಬರಲಿರುವವನು ಯಾರೆಂಬುದು ಸಮಾನವಾಗಿರಲಿಲ್ಲವೆನ್ನುವುದು ಹೆಚ್ಚು ಸಮಂಜಸ.

ಕರಾವಳಿಯಲ್ಲಿ ನಿರೀಕ್ಷೆಯು ದಿನಚರಿಯ ರೂಪ ತಾಳಿತು. ಮತಾಂತರದಿಂದ ಕಸುಬು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಲು ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಗಂಟೆಗೆ ಕಟ್ಟಿದ ದುಡಿಮೆ ಮತ್ತು ಕುಟುಂಬ ಪ್ರಾರ್ಥನೆ ಒಂದೇ ಬಾಳಿನ ಎರಡು ಮಗ್ಗುಲುಗಳಾದುವು. ಮಿಷನ್ನಿನ ಪಾದ್ರಿ ವೈಗ್ಲೆ ಕನ್ನಡಿಸಿದ, ಇಂಗ್ಲಿಷ್ ಲೇಖಕ ಬನಿಯನ್ನನ 'ಯಾತ್ರಿಕನ ಸಂಚಾರ' (1847) ಈ ಓದುಗರಿಗೆ ಬಾಳನ್ನು ದಾರಿಯೆಂದು ಕಲಿಸಿತು. ಅಲ್ಲಿ ಯಾತ್ರಿಕನು ನದಿ ದಾಟಿ ನಗರ ಸೇರುತ್ತಾನಲ್ಲದೆ ಅರಸನು ಇಳಿದುಬರುವುದಿಲ್ಲ. ಆದ್ದರಿಂದ ಈ ಕೃತಿಯನ್ನು ಎರಡನೆಯ ಬರೋಣದ ಸಾಹಿತ್ಯಕ್ಕಿಂತ ಮರಣಸಿದ್ಧತೆಯ ಸಾಹಿತ್ಯದೊಡನೆ ಇಡುವುದು ಯುಕ್ತ.

ಮೈಸೂರು ಸೀಮೆ

ಹಳೆಯ ಮೈಸೂರು ಸಂಸ್ಥಾನದ ಪ್ರೊಟೆಸ್ಟಂಟ್ ಸಭೆಗಳನ್ನು ಬಹುಮಟ್ಟಿಗೆ ರೂಪಿಸಿದ ವೆಸ್ಲಿಯನ್ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿ, ಮೈಸೂರು ನಗರಕ್ಕೂ ಹಬ್ಬಿತು. ಇದರ ಕೊಡುಗೆ ಮುಖ್ಯವಾಗಿ ಎಚ್ಚರದ ರಾತ್ರಿಯ ಆರಾಧನೆ. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ 1740ರ ದಶಕದಲ್ಲಿ ರೂಢಿಗೆ ತಂದ ಈ ಜಾಗರಣೆ ಮೊದಲಿಗೆ ವರ್ಷಾಂತ್ಯಕ್ಕೆ ಸೀಮಿತವಾಗಿರಲಿಲ್ಲ. ಕಾಲಕ್ರಮದಲ್ಲಿ ಅದು ಡಿಸೆಂಬರ್ 31ರ ರಾತ್ರಿಗೆ ನಿಂತು, ಕನ್ನಡ ಸಭೆಗಳಲ್ಲಿ 'ವಾಚ್‌ನೈಟ್' ಎಂದೇ ಹೆಸರಾಯಿತು. ಹೊಸ ವರ್ಷದ ಸಂಭ್ರಮವೆಂದು ಕಾಣುವ ಈ ಕೂಟವು ಮದಲಿಂಗನಿಗಾಗಿ ಎಚ್ಚರವಾಗಿರಬೇಕೆಂಬ ಹತ್ತು ಕನ್ಯೆಯರ ಸಾಮ್ಯವನ್ನು ನೆನಪಿಸುತ್ತದೆ.

ಇಪ್ಪತ್ತನೆಯ ಶತಮಾನ ಮತ್ತು ಮುಂದೆ

ಅಮೆರಿಕದ ವಿಲಿಯಂ ಮಿಲ್ಲರನ ಲೆಕ್ಕವನ್ನು ಆಧರಿಸಿ ಅವನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ನಿರಾಶರಾದ ಮೇಲೆ ಉಳಿದವರಿಂದ ಬೆಳೆದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯು, ಕೊಯಮತ್ತೂರಿನಲ್ಲಿ ಆರಂಭಿಸಿದ್ದ ತನ್ನ ತರಬೇತಿ ಶಾಲೆಯನ್ನು 1917ರಲ್ಲಿ ಬೆಂಗಳೂರಿಗೆ ತಂದಿತು; 1942ರಲ್ಲಿ ಅದು ಪುಣೆಗೆ ಹೋಯಿತು. ಪೆಂತೆಕೊಸ್ತ್ ಸಭೆಗಳ ಬೋಧನೆಯಲ್ಲಿ, ವಿಶ್ವಾಸಿಗಳು ಲೋಕಾಂತ್ಯದ ಮಹಾಸಂಕಟಕ್ಕೆ ಮುಂಚೆಯೇ ಮೇಲಕ್ಕೆ ಎತ್ತಲ್ಪಡುವರೆಂಬ ಮಾತು ಪ್ರಮುಖ ಸ್ಥಾನ ಪಡೆಯಿತು. ಇದು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿಯಿಂದ ಪ್ರಚಾರಕ್ಕೆ ಬಂದ ವ್ಯಾಖ್ಯಾನವಾಗಿದ್ದು, ಎಲ್ಲ ಕ್ರೈಸ್ತ ಪಂಗಡಗಳಿಗೂ ಸಮ್ಮತವಾದುದಲ್ಲ.

ಹೆಚ್ಚು ವ್ಯಾಪಕವಾದ ತಿರುವು ಆರಾಧನಾ ಕ್ರಮದಲ್ಲಿ ನಡೆಯಿತು. 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯು 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ, ಕ್ರಿಸ್ತನ ಮರಣ, ಪುನರುತ್ಥಾನ, ಪುನರಾಗಮನ ಮೂರನ್ನೂ ಸಭೆಯೇ ಒಕ್ಕೊರಲಿನಿಂದ ಸಾರುವ ವಾಕ್ಯವನ್ನು ಸುರಿಯಾನಿ ಪರಂಪರೆಯಿಂದ ಪಡೆದು ಸೇರಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆ ದೇಶಭಾಷೆಗಳಿಗೆ ಬಂದಾಗ, 1969ರ ಪೂಜಾವಿಧಿಯೂ ಇದೇ ಬಗೆಯ ಘೋಷಣೆಯನ್ನು ಜನರ ಬಾಯಿಗೆ ಕೊಟ್ಟಿತು. ಬೆಂಗೆಲ್ ಸೂಚಿಸಿದ 1836 ಮತ್ತು ಮಿಲ್ಲರ್ ಕಾದ 1844 ಇತಿಹಾಸದ ಪುಟಗಳಿಗೆ ಸರಿದಿವೆ. ತಾರೀಖು ಹೇಳದ ಈ ವಾಕ್ಯ ಮಾತ್ರ ಕನ್ನಡ ಆರಾಧನೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.