ಬಂದರುಗಳ ಸ್ಪರ್ಧೆ (ವಿಜಯನಗರ ಕಾಲ)

ಹಂಪಿಯನ್ನು ರಾಜಧಾನಿಯಾಗುಳ್ಳ ವಿಜಯನಗರ ಸಾಮ್ರಾಜ್ಯಕ್ಕೆ ಅರಬ್ಬೀ, ಪಾರಸೀಕ ಕುದುರೆಗಳನ್ನು ಒದಗಿಸುವ ವಾಣಿಜ್ಯಕ್ಕಾಗಿ ಭಟ್ಕಳ, ಹೊನ್ನಾವರ, ಗೋವೆ ಮೊದಲಾದ ಪಶ್ಚಿಮ ಕರಾವಳಿಯ ರೇವುಗಳ ನಡುವೆ 15-16ನೆಯ ಶತಮಾನಗಳಲ್ಲಿ ನಡೆದ ಪೈಪೋಟಿ. ದಕ್ಷಿಣದ ಹವೆಯಲ್ಲಿ ಉತ್ತಮ ಯುದ್ಧಾಶ್ವಗಳ ತಳಿ ಏಳಿಗೆಯಾಗದೆ, ಅಶ್ವದಳವು ಆಮದನ್ನೇ ಆಶ್ರಯಿಸಿದ್ದುದು ಇದರ ಮೂಲ. ಕುದುರೆಗಳೊಡನೆ ತಾಮ್ರ, ಪಾದರಸ, ಹವಳಗಳು ಒಳನಾಡಿಗೂ, ಅಕ್ಕಿ, ಸಕ್ಕರೆ, ಕಬ್ಬಿಣಗಳು ಭಟ್ಕಳದಿಂದ ಹೊರನಾಡುಗಳಿಗೂ ಸಾಗುತ್ತಿದ್ದುವು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು, ಕುದುರೆ ಹೇರಿದ ಹಡಗುಗಳು ಅಲ್ಲಿಗೇ ಬರುವಂತೆ ನೌಕಾಬಲದಿಂದ ನಿರ್ಬಂಧಿಸಿ, ಸುಂಕದ ಆದಾಯವನ್ನು ವರ್ಧಿಸಿಕೊಳ್ಳಲಾಗಿ, ಭಟ್ಕಳದ ಪ್ರಾಮುಖ್ಯ ಕುಗ್ಗಿತು. ವಿಜಯನಗರದ ಅರಸ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಡನೆ ಆದ 1547ರ ಒಪ್ಪಂದವು ಗೋವೆಗಿಳಿದ ಕುದುರೆಗಳನ್ನು ವಿಜಾಪುರದ ಸುಲ್ತಾನರಿಗೆ ದೊರೆಯಗೊಡದೆ ವಿಜಯನಗರಕ್ಕೆ ಮೀಸಲಿರಿಸಿತು. ದಖನ್ನಿನ ಸುಲ್ತಾನರೊಡನೆ ನಡೆದ 1565ರ ಯುದ್ಧದಲ್ಲಿ ವಿಜಯನಗರಕ್ಕೆ ಸೋಲುಂಟಾಗಿ ಹಂಪಿಯು ಹಾಳಾದ ಬಳಿಕ ಗೋವೆಯ ಅಶ್ವವಾಣಿಜ್ಯವೂ ಕ್ಷೀಣಿಸಿತು. ರೇವಿನ ಅಭ್ಯುದಯವು ಒಳನಾಡಿನ ಗ್ರಾಹಕನ ಸಮೃದ್ಧಿಯನ್ನು ಅವಲಂಬಿಸಿರುವುದಕ್ಕೆ ಇದು ನಿದರ್ಶನ.