ಬಿಸಿಲಿಗೆ ಬಾಗದ ಪ್ರೋಟೀನ್: ಒಂದು ಚರಿತ್ರೆ

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಭಾಗದ ಜನರಿಗೆ ಬಿಸಿಲು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ನಮ್ಮ ನೆಲದ ಪರಸಿ ಕಲ್ಲು ಆ ಬಿಸಿಲನ್ನು ತಾಳಿಕೊಳ್ಳುತ್ತದೆ. ಆದರೆ ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಇಟ್ಟುಕೊಳ್ಳುವ ಇನ್ಸುಲಿನ್ ತಾಳಿಕೊಳ್ಳುವುದಿಲ್ಲ. ಕರೆಂಟ್ ಹೋಗಿ ಫ್ರಿಜ್ ನಿಂತರೆ ಔಷಧಿಯ ಗತಿ ಏನು ಎಂಬ ಚಿಂತೆ ಎಷ್ಟೋ ಮನೆಗಳಲ್ಲಿದೆ.

ಇದಕ್ಕೆ ಕಾರಣ ಸರಳವಾದುದು. ಇನ್ಸುಲಿನ್ ಒಂದು ಪ್ರೋಟೀನ್. ಅಮೈನೋ ಆಮ್ಲಗಳು ಮಣಿಗಳಂತೆ ಸರವಾಗಿ ಜೋಡಿಕೊಂಡು, ಆ ಸರವು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡಾಗ ಪ್ರೋಟೀನ್ ಕೆಲಸ ಮಾಡುತ್ತದೆ. ಶಾಖ ಹೆಚ್ಚಾದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮೊಟ್ಟೆ ಬೇಯಿಸಿದಾಗ ಪಾರದರ್ಶಕ ಲೋಳೆ ಬೆಳ್ಳಗೆ ಗಟ್ಟಿಯಾಗುವುದು ಇದೇ ಕಾರಣದಿಂದ. ಹಾಗಾದರೆ ಪ್ರೋಟೀನಿನ ಆಕಾರವನ್ನು ಅರಿತು ಅದನ್ನು ಗಟ್ಟಿಗೊಳಿಸಬಹುದೇ? ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲು ದೊಡ್ಡದು ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಮುಂದೆ ಮದ್ರಾಸಿಗೆ ಹೋಗಿ, 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಸರ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎಂಬುದನ್ನು ಅದು ತೋರಿಸಿತು. ಪ್ರಪಂಚದ ಎಲ್ಲೇ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೂ ಅದು ಸರಿಯಿದೆಯೇ ಎಂದು ನೋಡಲು ಇಂದಿಗೂ ‘ರಾಮಚಂದ್ರನ್ ನಕ್ಷೆ’ಯನ್ನೇ ಬಳಸುತ್ತಾರೆ. 1971ರಲ್ಲಿ ಅವರು ಬೆಂಗಳೂರಿನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಅದೇ ಸಂಸ್ಥೆಯ ಎಂ. ವಿಜಯನ್ ಅವರು ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ತಂಡದಲ್ಲಿದ್ದು, 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸುವ ಕೆಲಸದಲ್ಲಿ ಪಾಲ್ಗೊಂಡರು. ತಾಯ್ನಾಡಿಗೆ ಮರಳಿ, ನಮ್ಮ ಹೊಲಗಳಲ್ಲಿ ಬೆಳೆಯುವ ಶೇಂಗಾದ ಒಂದು ಪ್ರೋಟೀನಿನ ರಚನೆಯನ್ನು 1994ರಲ್ಲಿ ತಮ್ಮ ತಂಡದೊಂದಿಗೆ ಪ್ರಕಟಿಸಿದರು.

ಇದೇ ಸಾಲಿನಲ್ಲಿ ಸ್ಮರಿಸಬೇಕಾದ ಇನ್ನೊಬ್ಬರು ಒಬೈದ್ ಸಿದ್ದೀಕಿ. ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಜನಿಸಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ ಓದಿದ ಅವರು ಮೊದಲು ಗೋಧಿಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಆಲಿಕಲ್ಲು ಮಳೆಗೆ ಪ್ರಯೋಗದ ಬೆಳೆ ನಾಶವಾಯಿತು. ಅವರು ಎದೆಗುಂದದೆ ತಳಿವಿಜ್ಞಾನದತ್ತ ಹೊರಳಿದರು. 1962ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಅಣು ಜೀವವಿಜ್ಞಾನ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರೂ ಅವರೇ. 2006ರಲ್ಲಿ ಪದ್ಮವಿಭೂಷಣ ಪಡೆದ ಅವರು 2013ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಈ ಹಿರಿಯರು ಹಾಕಿದ ಬುನಾದಿಯ ಬೆಲೆ 2020ರಲ್ಲಿ ಅರ್ಥವಾಯಿತು. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ನಂತರ ಬಂದ ಲಸಿಕೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಿತ್ತು. ಆಗ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರ ತಂಡವು ವೈರಾಣುವಿನ ಪ್ರೋಟೀನಿನ ಒಂದು ತುಣುಕಿನಿಂದ ಲಸಿಕೆ ರೂಪಿಸುತ್ತಿತ್ತು. ಒಣಗಿಸಿ ಪುಡಿ ಮಾಡಿದ ಆ ಪ್ರೋಟೀನ್ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಉತ್ತಮ ರೋಗನಿರೋಧಕ ಶಕ್ತಿಯನ್ನು ಉಂಟುಮಾಡಿತು.

ಈಗ ಇದೇ ವಿದ್ಯೆ ಜೀನ್ ತಿದ್ದುವ ಪ್ರೋಟೀನುಗಳ ಕಡೆ ಹೊರಳಿದೆ. 2012ರಲ್ಲಿ ಎಮ್ಯಾನ್ಯುಯೆಲ್ ಶಾರ್ಪಾಂತಿಯೆ ಮತ್ತು ಜೆನ್ನಿಫರ್ ಡೌಡ್ನಾ ಅವರು ಬ್ಯಾಕ್ಟೀರಿಯಾದ ‘ಕ್ಯಾಸ್9’ ಎಂಬ ಪ್ರೋಟೀನನ್ನು ಡಿಎನ್‌ಎ ಕತ್ತರಿಸುವ ಕತ್ತರಿಯಾಗಿ ಬಳಸಬಹುದೆಂದು ತೋರಿಸಿ, 2020ರಲ್ಲಿ ನೊಬೆಲ್ ಪಡೆದರು. 1368 ಅಮೈನೋ ಆಮ್ಲಗಳ ಈ ದೊಡ್ಡ ಪ್ರೋಟೀನಿನ ರಚನೆ 2014ರಲ್ಲಿ ಬಿಡಿಸಲ್ಪಟ್ಟಿತು. ರಚನೆ ಕಣ್ಣಿಗೆ ಕಂಡ ಮೇಲೆ ಯಾವ ಮಣಿಯನ್ನು ಬದಲಿಸಿದರೆ ಕತ್ತರಿ ತಪ್ಪು ಜಾಗದಲ್ಲಿ ಕತ್ತರಿಸುವುದಿಲ್ಲ ಎಂದು ಲೆಕ್ಕ ಹಾಕುವುದು ಸಾಧ್ಯವಾಯಿತು. ಆದರೆ ದೇಹದೊಳಗೆ ಹೋದ ಕತ್ತರಿ ಗುರಿ ಮುಟ್ಟುವವರೆಗೆ ಮಡಿಕೆ ಬಿಚ್ಚಬಾರದಲ್ಲವೇ? ಅದಕ್ಕಾಗಿ ಶಾಖದಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ 70 ಡಿಗ್ರಿಯಲ್ಲೂ ಕೆಲಸ ಮಾಡುವ ‘ಜಿಯೋಕ್ಯಾಸ್9’ ಅನ್ನು 2017ರಲ್ಲಿ ಡೌಡ್ನಾ ತಂಡ ಪರಿಚಯಿಸಿತು. ಅದರ ಸುಧಾರಿತ ರೂಪವು 2024ರಲ್ಲಿ ಇಲಿಗಳ ಯಕೃತ್ತು ಮತ್ತು ಶ್ವಾಸಕೋಶದ ಜೀವಕೋಶಗಳಲ್ಲಿ ಜೀನ್ ತಿದ್ದಿತು.

ಭಾರತವೂ ಹಿಂದೆ ಬಿದ್ದಿಲ್ಲ. ದೆಹಲಿಯ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ‘ಎಫ್‌ಎನ್‌ಕ್ಯಾಸ್9’ ಎಂಬ ಬೇರೆ ಕತ್ತರಿಯನ್ನು ಅದರ ರಚನೆಯ ಆಧಾರದ ಮೇಲೆ ಸುಧಾರಿಸಿ 2024ರಲ್ಲಿ ಪ್ರಕಟಿಸಿದರು. 2025ರ ನವೆಂಬರ್‌ನಲ್ಲಿ ಕುಡಗೋಲು ಕಣ ರೋಗಕ್ಕೆ ‘ಬಿರ್ಸಾ 101’ ಎಂಬ ಸ್ವದೇಶಿ ಜೀನ್ ಚಿಕಿತ್ಸೆ ಘೋಷಣೆಯಾಯಿತು. ಹಿಮೋಗ್ಲೋಬಿನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ತಪ್ಪಿ ಬರುವ ಈ ರೋಗ ಮೈಸೂರು, ಚಾಮರಾಜನಗರದ ಬುಡಕಟ್ಟು ಜನರನ್ನೂ ಕಾಡುತ್ತಿದೆ.

ಚಿಕಿತ್ಸೆ ಕಂಡುಹಿಡಿದರೆ ಸಾಲದು. ಅದು ಬಡವನ ಮನೆ ಬಾಗಿಲಿಗೆ ಕೆಡದೆ ಬರಬೇಕು. ಫ್ರಿಜ್ ಇಲ್ಲದ ಹಳ್ಳಿಯ ಬಿಸಿಲಲ್ಲಿ ಉಳಿಯದ ಔಷಧಿಯು ದೊಡ್ಡ ಊರಿನ ಆಸ್ಪತ್ರೆಗಷ್ಟೇ ಸೀಮಿತವಾಗುತ್ತದೆ. ಬಿಸಿಲಿನ ಕಷ್ಟ ಅರಿತವರೇ ಈ ಕೆಲಸಕ್ಕೆ ಇಳಿದರೆ ಅದರ ದಾರಿ ಬೇರೆಯಾಗುತ್ತದೆ. ಪಿಯುಸಿ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳೇ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಕೂಡುವ ಜಾಗ ಇದು. ಡಾಕ್ಟರ್, ಇಂಜಿನಿಯರ್ ಎರಡೇ ದಾರಿ ಎಂದು ತಿಳಿಯಬೇಡಿ. ಆಲಿಕಲ್ಲಿಗೆ ಬೆಳೆ ಕಳೆದುಕೊಂಡ ಒಬ್ಬ ಯುವಕ ಎರಡು ಸಂಸ್ಥೆಗಳನ್ನು ಕಟ್ಟಿದ್ದನ್ನು ನೆನಪಿಡಿ.