ಕಡಲ ತೀರದ ಒಂದು ಮೌನ ಶಾಸನ

ಕನ್ನಡ ನಾಡಿನ ಇತಿಹಾಸ ರಚನೆಗೆ ಶಾಸನಗಳೇ ಮೊದಲ ಆಕರ. ಆದರೆ ಕಡಲನ್ನು ನಂಬಿ ಬದುಕಿದ ಮೊಗವೀರರು, ಖಾರ್ವಿಗಳು ಮೊದಲಾದವರು ಕಲ್ಲಿನ ಮೇಲೆ ಬರೆಸಿದ್ದು ವಿರಳ. ಅವರ ಚರಿತ್ರೆಯನ್ನು ಅವರ ದೋಣಿಗಳಲ್ಲಿಯೇ ಅರಸಬೇಕು. ಒಂದೇ ಪಕ್ಕಕ್ಕೆ ತೇಲುದಿಮ್ಮಿ ಕಟ್ಟಿದ ಕರಾವಳಿಯ ದೋಣಿ ಅಂತಹ ಆಕರಗಳಲ್ಲಿ ಒಂದು.

ಮರದ ಬೊಡ್ಡೆಯನ್ನು ತೋಡಿ ಮಾಡಿದ ದೋಣಿ ಉದ್ದವಾಗಿ, ಕಿರಿದಾಗಿ ಇರುವುದರಿಂದ ಅಲೆಗೆ ಸುಲಭವಾಗಿ ಮಗುಚುತ್ತದೆ. ಆದುದರಿಂದ ಎರಡು ಅಡ್ಡಮರಗಳನ್ನು ಹೊರಚಾಚಿ, ಅವುಗಳ ತುದಿಗೆ ಹಗುರವಾದ ದಿಮ್ಮಿಯನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿಯುತ್ತಾರೆ. ದೋಣಿ ದಿಮ್ಮಿಯ ಕಡೆಗೆ ವಾಲಿದರೆ ಅದರ ತೇಲುವ ಗುಣ ತಡೆಯುತ್ತದೆ. ಆಚೆಗೆ ವಾಲಿದರೆ ಅದರ ಭಾರ ಹಿಡಿದೆಳೆಯುತ್ತದೆ. ದೊಡ್ಡ ದೋಣಿಗಳಲ್ಲಿ ಹಲಗೆಗಳನ್ನೂ ನಾರಿನಿಂದಲೇ ಹೊಲಿಯುತ್ತಿದ್ದರು. ಹೊಲಿದ ಒಡಲು ಅಲೆಯ ಹೊಡೆತಕ್ಕೆ ಬಳುಕುತ್ತದೆ, ಒಡೆಯುವುದಿಲ್ಲ.

ಇದೇ ಉಪಾಯ ಶ್ರೀಲಂಕಾದಲ್ಲಿಯೂ ಪೆಸಿಫಿಕ್ ದ್ವೀಪಗಳಲ್ಲಿಯೂ ಇದೆ. ಇಂಡೋನೇಷ್ಯಾದಲ್ಲಿ ಎರಡೂ ಪಕ್ಕಗಳಿಗೆ ದಿಮ್ಮಿ ಕಟ್ಟುವ ರೂಢಿ ಹೆಚ್ಚು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ಈ ಹೋಲಿಕೆಯಿಂದ ಪಾಲಿನೇಷಿಯನ್ ಜನಾಂಗದ ಪ್ರಾಚೀನ ವಲಸೆಯನ್ನು ಊಹಿಸಿದರು. ಆದರೆ ದೋಣಿಯ ಹೋಲಿಕೆ ರಕ್ತಸಂಬಂಧಕ್ಕೆ ಪ್ರಮಾಣವಾಗಲಾರದು. ಬಂದರಿನಲ್ಲಿ ಕಂಡದ್ದನ್ನು ಜಾಣ ಬಡಗಿ ಕಲಿಯಬಲ್ಲನು. ಕನ್ನಡ, ತುಳುಗಳ ‘ಓಡ’ ತಮಿಳಿನ ‘ಓಡಂ’ಗೆ ಸೋದರ ಪದವಾಗಿದೆ, ದೂರದ ವಿದ್ಯೆಯೊಂದು ಬಂದು ಸೇರಿದ್ದರೂ ದೋಣಿಯ ಹೆಸರು ಈ ನೆಲದ್ದೇ.

ಈ ಬಗೆಯ ದೊಡ್ಡ ದೋಣಿಗಳು ರಂಪಣಿ ಬಲೆಯನ್ನು ಹೊತ್ತು ಕಡಲಿಗಿಳಿಯುತ್ತಿದ್ದವು. ಹಲವು ಮನೆಗಳವರು ತಂದ ಬಲೆಯ ತುಂಡುಗಳನ್ನು ಜೋಡಿಸಿ ಒಂದೇ ಬಲೆಯಾಗಿಸುತ್ತಿದ್ದರು. ದೋಣಿ ಬಂಗುಡೆ, ಬೂತಾಯಿಗಳ ಹಿಂಡನ್ನು ಸುತ್ತುವರಿದ ಮೇಲೆ ಹತ್ತಾರು ಜನರು ದಡದಿಂದ ಬಲೆಯನ್ನು ಎಳೆಯುತ್ತಿದ್ದರು, ದೊರೆತದ್ದು ಪಾಲಾಗುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡು ದಡ ಸೇರುವ ಮೊದಲೇ ಆ ಬಲೆಗೆ ಬೀಳತೊಡಗಿದಾಗ ರಂಪಣಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಅದನ್ನು ಹೊರುತ್ತಿದ್ದ ದೋಣಿಗೂ ಕೆಲಸವಿಲ್ಲವಾಯಿತು.

ಅಳಿದ ಶಾಸನಕ್ಕೆ ಕೆಲವೊಮ್ಮೆ ಪಡಿಯಚ್ಚಾದರೂ ಉಳಿದಿರುತ್ತದೆ. ಹಲಗೆ ಹೊಲಿಯುವ ಕೈಗಳ ಅರಿವಿಗೆ ಪಡಿಯಚ್ಚಿಲ್ಲ. ಆ ಕಟ್ಟುಗಳ ಕ್ರಮವನ್ನೂ ಹೆಸರುಗಳನ್ನೂ ಬಲ್ಲ ಹಿರಿಯರು ಇರುವಾಗಲೇ ಅವನ್ನು ಬರೆದಿಟ್ಟುಕೊಳ್ಳುವುದು ಇತಿಹಾಸಕಾರರ ಕರ್ತವ್ಯ.